ಮೂರು ಬೋಗುಣಿಯ ಪಾಠ

ಇಳಕಲ್ಲಿನ ಹೆಣ್ಣುಮಕ್ಕಳ ಶಾಲೆಗೆ ವಿಜ್ಞಾನ ಕಲಿಸಲು ಹೋದಾಗ ನನಗೆ ಇಪ್ಪತ್ತಮೂರು ವರ್ಷ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇದೆ ಎಂದು ಬಾದಾಮಿಯ ಮನೆಯಲ್ಲಿ ಎಲ್ಲರೂ ಆಡಿಕೊಳ್ಳುತ್ತಿದ್ದರು. ಹೊಸ ಊರಿಗೆ ಬಂದ ಮೇಲೆ ಆ ಸಿಟ್ಟಿಗೇ ನಾನು ಶಿಸ್ತು ಎಂದು ಹೆಸರಿಟ್ಟುಕೊಂಡೆ. ಕೈಯಲ್ಲಿ ಸದಾ ಒಂದು ಮರದ ಪಟ್ಟಿ ಇರುತ್ತಿತ್ತು.

ಆದರೆ ಕಲಿಸುವುದೆಂದರೆ ನನಗೆ ಜೀವ. ಏಳನೇ ಇಯತ್ತೆಗೆ ಉಷ್ಣ ಮತ್ತು ತಾಪದ ಪಾಠ ಬಂದಾಗ ಪುಸ್ತಕ ಮುಚ್ಚಿಟ್ಟೆ. ಒಂದು ಚಮಚ ಕುದಿಯುವ ನೀರು, ಒಂದು ಹಂಡೆ ಬೆಚ್ಚನೆಯ ನೀರು, ಎರಡರಲ್ಲಿ ತಾಪ ಹೆಚ್ಚು ಯಾವುದಕ್ಕೆ ಎಂದು ಕೇಳಿದೆ. ಚಮಚಕ್ಕೆ ಎಂದರು, ಸರಿ. ಉಷ್ಣ ಹೆಚ್ಚು ಯಾವುದರಲ್ಲಿ ಎಂದೆ. ಅದಕ್ಕೂ ಚಮಚ ಎಂದರು. ಚಮಚದ ನೀರಿನಿಂದ ಒಂದು ಬಟ್ಟಲು ಹಾಲೂ ಬೆಚ್ಚಗಾಗುವುದಿಲ್ಲ, ಹಂಡೆಯ ನೀರು ಮನೆಮಂದಿಯನ್ನೆಲ್ಲ ಬೆಚ್ಚಗೆ ಮಾಡುತ್ತದೆ ಎಂದಾಗ ಹುಡುಗಿಯರ ಮುಖ ಅರಳಿತು. ಆ ಮುಖಗಳಿಗಾಗಿಯೇ ನಾನು ಆ ಕೆಲಸ ಮಾಡುತ್ತಿದ್ದೆ.

ಮರುದಿನ ಮೂರು ಬೋಗುಣಿ ತಂದಿಟ್ಟೆ. ಒಂದರಲ್ಲಿ ಸ್ಟೋವಿನ ಮೇಲೆ ಕಾಯಿಸಿದ ಬಿಸಿನೀರು, ಇನ್ನೊಂದರಲ್ಲಿ ಮಣ್ಣಿನ ಹರವಿಯ ತಣ್ಣೀರು, ನಡುವಿನದರಲ್ಲಿ ಉಗುರುಬೆಚ್ಚಗಿನ ನೀರು. ಬಲಗೈ ಬಿಸಿನೀರಿನಲ್ಲಿ, ಎಡಗೈ ತಣ್ಣೀರಿನಲ್ಲಿ ಸ್ವಲ್ಪ ಹೊತ್ತು ಇಡಬೇಕು. ಆಮೇಲೆ ಎರಡನ್ನೂ ಒಟ್ಟಿಗೆ ನಡುವಿನ ಬೋಗುಣಿಗೆ ಹಾಕಬೇಕು. ನೀರು ಒಂದೇ, ಆದರೂ ಬಲಗೈಗೆ ಅದು ತಣ್ಣಗೆ, ಎಡಗೈಗೆ ಬೆಚ್ಚಗೆ ಅನ್ನಿಸುತ್ತದೆ. "ಕೈ ಸುಳ್ಳು ಹೇಳ್ತದ, ಅದಕ್ಕ ಥರ್ಮಾಮೀಟರ್ ಬೇಕು" ಎಂದು ಕೊನೆಯಲ್ಲಿ ಹೇಳುವ ಮಾತನ್ನು ನಾನು ಮೊದಲೇ ಸಿದ್ಧಮಾಡಿಕೊಂಡಿದ್ದೆ.

ಹುಡುಗಿಯರು ಒಬ್ಬೊಬ್ಬರಾಗಿ ಬಂದರು. ಬಿಸಿನೀರಿಗೆ ಕೈಯಿಟ್ಟ ಕೂಡಲೇ ಅಯ್ಯಯ್ಯೋ ಎಂದು ಹಿಂದೆ ತೆಗೆಯುವವರೇ ಎಲ್ಲ. ಹಿಂದಿನ ಸಾಲಿನ ಒಬ್ಬಳು ಮಾತ್ರ ಕೈಯಿಟ್ಟವಳು ಅಲುಗದೆ ನಿಂತಳು. ನೇಕಾರರ ಮನೆಯ ಹುಡುಗಿ, ಮಾತು ಕಡಿಮೆ. "ನೋಡ್ರಿ, ಹೇಳಿದಂಗ ಕೇಳೋದಂದ್ರ ಹಿಂಗ" ಎಂದು ಉಳಿದವರಿಗೆ ಅವಳನ್ನು ತೋರಿಸಿದೆ. ಆಮೇಲೆ ನಡುವಿನ ಬೋಗುಣಿಗೆ ಕೈ ಹಾಕಿಸಿ, ಹೇಗನ್ನಿಸುತ್ತದೆ ಎಂದು ಕೇಳಿದೆ.

"ಎಡಗೈಗೆ ಬೆಚ್ಚಗ ಐತ್ರಿ."

"ಬಲಗೈಗೆ?"

ಅವಳು ಕೈಯನ್ನೇ ನೋಡುತ್ತ ನಿಂತಳು. "ಬಲಗೈಗೆ ಏನೂ ಗೊತ್ತಾಗವಲ್ದ್ರಿ, ಅಕ್ಕೋರ."

ಹುಡುಗಿಯರು ಕಿಸಕ್ಕನೆ ನಕ್ಕರು. ನನ್ನ ಪಾಠ ದಡ ಮುಟ್ಟುವ ಹೊತ್ತಿಗೆ ಇವಳು ಚೇಷ್ಟೆ ಮಾಡುತ್ತಿದ್ದಾಳೆ ಅನ್ನಿಸಿತು. ಮತ್ತೆ ಕೇಳಿದೆ. ಮತ್ತೆ ಅದೇ ಉತ್ತರ. "ಕೈ ಹಿಡಿ" ಎಂದೆ. ಅವಳು ಬಲಗೈ ಚಾಚಿದಳು. ಮರದ ಪಟ್ಟಿಯಿಂದ ಎರಡೇಟು ಹಾಕಿದೆ. ಅವಳ ಕಣ್ಣಲ್ಲಿ ನೀರು ಬರಲಿಲ್ಲ, ಕೈ ಹಿಂದೆ ಸರಿಯಲಿಲ್ಲ. ಎಷ್ಟು ಸೊಕ್ಕು ಇವಳಿಗೆ ಎಂದು ಮೂರನೆಯದನ್ನು ಜೋರಾಗಿಯೇ ಹೊಡೆದೆ. ಆ ಮೂರನೆಯ ಏಟು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಅದಾಗಿ ತಿಂಗಳೊಪ್ಪತ್ತಿಗೆ ಒಂದು ಸೀರೆ ನೇಯಿಸಿಕೊಳ್ಳಲು ಅವರ ಮನೆಗೇ ಹೋದೆ. ತಂದೆ ಮಗ್ಗದಲ್ಲಿ ಕೂತಿದ್ದರು. ಹುಡುಗಿ ಒಲೆಯ ಮುಂದೆ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಕಾದ ಹಂಚಿನ ಮೇಲಿನ ರೊಟ್ಟಿಯನ್ನು ನಮ್ಮ ಕಡೆ ಎಲ್ಲ ಹೆಂಗಸರೂ ಕೈಯಲ್ಲೇ ತಿರುವುತ್ತಾರೆ, ಚಕ್ಕನೆ ಮುಟ್ಟಿ ಚಕ್ಕನೆ ಬಿಡುತ್ತಾರೆ. ಇವಳಿಗೆ ಆ ಅವಸರವೇ ಇರಲಿಲ್ಲ. ತಾಯಿ ಹಿಗ್ಗಿನಿಂದ, "ನಮ್ಮಾಕಿ ಕೈ ಭಾಳ ಗಟ್ಟಿರಿ ಅಕ್ಕೋರ, ಬೆಂಕಿಗೂ ಅಂಜೂದಿಲ್ಲ" ಎಂದರು. ಅವಳ ಬೆರಳ ಮೇಲೆ ಒಂದು ಬೊಬ್ಬೆ ಒಡೆದು ಕೆಂಪಗಾಗಿತ್ತು. ನಾನದನ್ನು ನೋಡಿದೆ. "ಬಿಸೀದರಿಂದ ತಣ್ಣಂದಕ್ಕ ಉಷ್ಣ ಹರೀತದ ಅಂತ ಕಲಿಸೇನಿ, ನಿಮ್ಮ ಮಗಳ ಕೈಗೆ ಆ ನಿಯಮ ಗೊತ್ತಿಲ್ಲ ಕಾಣ್ತದ" ಎಂದು ಚೇಷ್ಟೆ ಮಾಡಿದೆ. ಎಲ್ಲರೂ ನಕ್ಕೆವು. ಅವಳೂ ನಕ್ಕಳು. ಆ ರೊಟ್ಟಿ ಉಂಡು ಬಂದೆ.

ಮರುವರ್ಷ ಸರಕಾರಿ ದವಾಖಾನೆಯಿಂದ ಒಬ್ಬ ಕಾರ್ಯಕರ್ತ ಮಕ್ಕಳನ್ನು ತಪಾಸಣೆ ಮಾಡಲು ಶಾಲೆಗೆ ಬಂದ. ಕಣ್ಣು ಮುಚ್ಚಿಸಿ ಕೈಗೆ ಹಕ್ಕಿಯ ಪುಕ್ಕ ತಾಗಿಸುವುದು, ಎಲ್ಲಿ ತಾಗಿತೆಂದು ಮಕ್ಕಳು ಬೆರಳಿಟ್ಟು ತೋರಿಸುವುದು. ಅವಳ ಬಲಗೈಗೆ ನಾಲ್ಕು ಸಲ ತಾಗಿಸಿದ. ಅವಳು ಕಣ್ಣು ಮುಚ್ಚಿಕೊಂಡು, ಇನ್ನೇನು ತಾಗಿಸುತ್ತಾನೆಂದು ಕಾಯುತ್ತಲೇ ಇದ್ದಳು. ಅವನು ಅವಳ ತೋಳು ಸರಿಸಿ ಅಲ್ಲಿದ್ದ ಒಂದು ಮಾಸಲು ಮಚ್ಚೆ ನೋಡಿದ, ಮೊಣಕೈ ಹಿಂದಿನ ನರ ಮುಟ್ಟಿ ನೋಡಿದ. ಅಷ್ಟರಲ್ಲಾಗಲೇ ಅವಳ ಕಿರುಬೆರಳು, ಅದರ ಪಕ್ಕದ ಬೆರಳು ಬಾಗತೊಡಗಿದ್ದವು. ಕುಷ್ಠರೋಗ.

ನನ್ನನ್ನು ಹೊರಗೆ ಕರೆದು ಅವನು ಮೆಲ್ಲಗೆ ಹೇಳಿದ. "ಗುಳಿಗಿ ತಗೊಂಡ್ರ ರೋಗ ನಿಲ್ತದ್ರಿ ಅಕ್ಕೋರ, ಬಾಗಿದ ಬೆರಳು ಸರಿಯಾಗೋದು ಕಷ್ಟ. ಒಂದು ವರ್ಷ ಮೊದಲ ಗೊತ್ತಾಗಿದ್ರ ಉಳೀತಿದ್ವು. ಬಿಸಿ-ತಂಪು ತಿಳೀದಂಗ ಆಗೋದ ಇದರ ಮೊದಲನೇ ಗುರ್ತು."

ಒಂದು ವರ್ಷದ ಹಿಂದೆಯೇ ಅವಳು ತರಗತಿಯ ಎಲ್ಲರ ಮುಂದೆ ನನಗೆ ಅದನ್ನು ಹೇಳಿದ್ದಳು ಎಂದು ಅವನ ಮುಂದೆ ಬಾಯಿಬಿಡುವ ಧೈರ್ಯ ನನಗಿರಲಿಲ್ಲ.

ಮರುವಾರದಿಂದ ಅವಳು ಶಾಲೆಗೆ ಬರಲಿಲ್ಲ. ಅವಳ ಪಕ್ಕ ಕೂರುತ್ತಿದ್ದ ಹುಡುಗಿಯರ ಮನೆಯವರು ಗದ್ದಲ ಮಾಡಿದ್ದರು. ನಾನು ಇಂದು ನಾಳೆ ಎಂದು ಮುಂದೂಡುತ್ತ, ಕೊನೆಗೆ ಬೇಸಿಗೆ ರಜೆ ಶುರುವಾಗುವ ಮುನ್ನ ಅವರ ಮನೆಗೆ ಹೋದೆ. ತಾಯಿ ಚಾಪೆ ಹಾಸಿ ಒಳಗೆ ಹೋದರು, ಮೊದಲಿನ ಹಿಗ್ಗು ಇರಲಿಲ್ಲ. ಹುಡುಗಿ ಗೋಡೆಗೆ ಒರಗಿ ಕೂತಿದ್ದಳು. ಒಲೆಯ ಹತ್ತಿರ ಹೋಗಬಾರದೆಂದು ಡಾಕ್ಟರು ಹೇಳಿದ್ದರಂತೆ. ಬಲಗೈಯನ್ನು ಸೆರಗಿನ ಹಾಗೆ ಹೊದ್ದ ಟವೆಲಿನೊಳಗೆ ಇಟ್ಟುಕೊಂಡಿದ್ದಳು.

"ಅವತ್ತು ನಿನ್ನ ಹೊಡೀಬಾರದಿತ್ತವ್ವಾ, ನಂದು ತಪ್ಪಾತು" ಎಂದೆ. ದಾರಿಯುದ್ದಕ್ಕೂ ಹೇಳಿಕೊಂಡು ಬಂದ ಮಾತು, ಹೇಳುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡೆ.

ಅವಳಿಗೆ ಗಾಬರಿಯಾಯಿತು. ಅಕ್ಕೋರು ಅಳುವುದನ್ನು ಅವಳು ನೋಡಿರಲಿಲ್ಲ. ನನ್ನನ್ನು ಸಮಾಧಾನ ಮಾಡಲು ಅವಸರದಿಂದ ಹೇಳತೊಡಗಿದಳು.

"ಹಂಗೇನಿಲ್ರಿ ಅಕ್ಕೋರ. ನಂದ ತಪ್ಪು ಅನಕೊಂಡು ನಾ ಮನ್ಯಾಗೂ ಮೂರು ಬೋಗುಣಿ ಇಟ್ಟು ಮಾಡಿ ನೋಡಿದ್ನಿರಿ. ದಿನಾ ಮುಂಜಾನೆ ಮಾಡ್ತಿದ್ದೆ. ನೀವು ಹೇಳಿದಂಗ ಬರಲೇ ಇಲ್ಲ. ಕಡೀಕ ನಿಮ್ಮ ಉತ್ತರಾನ ಬಾಯಿಪಾಠ ಮಾಡಿದೆ. ಪರೀಕ್ಷಾದಾಗ ಅದ ಪ್ರಶ್ನಿ ಬಂತಲ್ರಿ? ಬಲಗೈಗೆ ತಣ್ಣಗ ಅನಸ್ತದ ಅಂತ ಬರದೆ."

ಅವಳ ಮುಖದಲ್ಲಿ ಸಣ್ಣದೊಂದು ನಗು ಬಂತು.

"ನೀವು ಪೂರಾ ಮಾರ್ಕ್ಸ್ ಕೊಟ್ಟು, ಬಾಜೂಕ ಕೆಂಪು ಶಾಯೀಲೆ 'ಶಾಣ್ಯಾಕಿ' ಅಂತ ಬರದಿದ್ರಿ."