ರೊಟ್ಟಿ ಬಡಿಯುವ ಸಪ್ಪಳ

ನನ್ನ ಗೆಳೆಯ ಶಿವಯೋಗೀಶ ಕಟ್ಟಡಗಳ ನಕ್ಷೆ ಬರೆಯುತ್ತಿದ್ದ. ಹುಬ್ಬಳ್ಳಿಯ ಹಳೇ ಪೇಟೆಯಲ್ಲಿ ಅವನ ತಾಯಿ ರೊಟ್ಟಿ ಬಡಿಯುತ್ತಿದ್ದ ಖಾನಾವಳಿಯನ್ನು ಅದರ ಮಾಲೀಕರು ಕೆಡವಿ ನಾಲ್ಕು ಅಂತಸ್ತಿನ ಹೋಟೆಲ್ ಕಟ್ಟಲು ಹೊರಟಾಗ, ನಕ್ಷೆಯ ಕೆಲಸ ಅವನಿಗೇ ಬಂತು. ನಕ್ಷೆಯಲ್ಲಿ ರೊಟ್ಟಿಯ ಒಲೆಯನ್ನು ಅವನು ಕೆಳಗೆ, ರಸ್ತೆಗೆ ಕಾಣುವಂತೆ ಇಟ್ಟ.

"ಸಾಹೇಬ್ರ, ಅಲ್ಲಿ ಐಸ್‌ಕ್ರೀಮ್ ಇಡೂಣ್ರಿ. ಒಲಿ ಮ್ಯಾಲೆ ಒಯ್ರಿ," ಎಂದರು ಮಾಲೀಕರು.

"ರೊಟ್ಟಿ ಬಡಿಯೂ ಸಪ್ಪಳ ಕೇಳೇ ಮಂದಿ ಒಳಗ ಬರ್ತಿದ್ರು. ಐಸ್‌ಕ್ರೀಮ್ ಏನ್ ಸಪ್ಪಳ ಮಾಡತೈತಿ, ಹೇಳ್ರಿ?" ಎಂದ ಶಿವಯೋಗೀಶ.

ಮಾಲೀಕರು ನಕ್ಕು ಒಪ್ಪಿದ್ದರು. ಆದರೆ ಪಾಯ ತೋಡುವ ಮೊದಲೇ ಹೃದಯಾಘಾತವಾಗಿ ಅವನು ತೀರಿಕೊಂಡ. ಒಲೆ ನಾಲ್ಕನೇ ಅಂತಸ್ತಿಗೆ ಹೋಯಿತು.

ಮೊನ್ನೆ ಅಲ್ಲಿ ಉಂಡೆ. ರೊಟ್ಟಿ ಲಿಫ್ಟಿನಲ್ಲಿ ಇಳಿದು ಬಂತು, ಬಿಸಿಯಾಗಿಯೇ ಇತ್ತು. ಸಪ್ಪಳಕ್ಕಾಗಿ ಬಹಳ ಹೊತ್ತು ಕಿವಿಗೊಟ್ಟು ಕುಳಿತೆ. ಲಿಫ್ಟಿನ ಬಾಗಿಲಿನ ಸದ್ದು ಮಾತ್ರ ಕೇಳಿಸಿತು.