ಹಾರ ಹಾಕಿದ ಫೋಟೋ

ಬದುಕಿರುವ ಅಣ್ಣನನ್ನು ಕಳೆದ ವಾರ ನಾನು ಸಾಯಿಸಿಬಿಟ್ಟೆ. ಫ್ಲೆಕ್ಸ್‌ನಲ್ಲಿ. ಜನಕ್ಕೆ ಒಂದೇ ಒಂದು ವಿಷಯ ಹೇಳಬೇಕಿತ್ತು. ಅದನ್ನೇ ಹೇಳಲಿಲ್ಲ.

ಅಣ್ಣನ ಮನೆ ಭದ್ರಾವತಿಯಲ್ಲಿ. ಫ್ಯಾಕ್ಟರಿಯಿಂದ ರಿಟೈರ್ ಆದ ಮೇಲೆ ಮರೆವು ಹೆಚ್ಚಾಗಿತ್ತು. ಸೋಮವಾರ ಮೊಸರು ತರಲು ಹೋದವನು ವಾಪಸ್ ಬರಲಿಲ್ಲ. ಪೊಲೀಸರಿಗೆ ಕಂಪ್ಲೇಂಟ್ ಕೊಟ್ಟೆವು. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ನನ್ನದೇ ಫ್ಲೆಕ್ಸ್ ಅಂಗಡಿ ಇದೆಯಲ್ಲ, ಕೂತು ಡಿಸೈನ್ ಮಾಡಿದೆ. (ಓದಿದ್ದು ಏಳನೇ ಕ್ಲಾಸು. ಮೌಸ್ ಹಿಡಿದರೆ ಮಾತ್ರ ಇಂಜಿನಿಯರ್ ಗತ್ತು.)

ಕೈಗೆ ಸಿಕ್ಕಿದ್ದು ಬೀಳ್ಕೊಡುಗೆ ದಿನದ ಫೋಟೋ. ಕೊರಳಲ್ಲಿ ಸೇವಂತಿಗೆ ಹಾರ. ಸುತ್ತ ಹೂವಿನ ಬಾರ್ಡರ್ ಕೂರಿಸಿದೆ. ಕೆಳಗೆ ಮನೆಮಂದಿಯ ಹೆಸರು, ನನ್ನದು ಎಲ್ಲಕ್ಕಿಂತ ದಪ್ಪ. ಉಳಿದ ಮೂಲೆಯಲ್ಲಿ ‘ಕಾಣೆಯಾಗಿದ್ದಾರೆ’ ಮತ್ತು ಫೋನ್ ನಂಬರ್. ಭದ್ರಾವತಿಯಿಂದ ಶಿವಮೊಗ್ಗದವರೆಗೆ ಕಟ್ಟಿಸಿದೆ.

ಮಾರನೆಯ ದಿನವೆಲ್ಲ ಫೋನ್ ನೋಡುತ್ತಾ ಕೂತೆ. ಸಂಜೆ ಒಬ್ಬ ಹಳೆಯ ಗಿರಾಕಿ ಕರೆ ಮಾಡಿದ. “ಫ್ಲೆಕ್ಸ್ ನೋಡ್ದೆ ಮಾರಾಯ. ಹೆಂಗಾಯ್ತು? ಕಾರ್ಯ ಯಾವತ್ತು?”

ಡಿಸೈನ್ ಮತ್ತೆ ತೆರೆದು ನೋಡಿದೆ. ಹಾರ, ಹೂವು, ಕುಟುಂಬದವರ ಹೆಸರು. ಬೈಕಿನಲ್ಲಿ ಹೋಗುವವನು ಇನ್ನೇನು ಅಂದುಕೊಳ್ಳಬೇಕು?

ವಿಷಯ ಕೇಳಿ ಅತ್ತಿಗೆ ರಾತ್ರಿಯೇ ಅಂಗಡಿಗೆ ಬಂದು ಸ್ಕ್ರೀನ್ ಮುಂದೆ ಕೂತರು. “ಹಾರ ತೆಗಿ.”

ಮುಖವಷ್ಟೇ ಉಳಿಸಿ ಕತ್ತರಿಸಿದೆ.

“ಹೆಸರೆಲ್ಲ ತೆಗಿ. ಕಳೆದು ಹೋಗಿರೋದು ನೀನಲ್ಲ.”

ತೆಗೆದೆ. ಅರ್ಧ ಫ್ಲೆಕ್ಸ್ ಖಾಲಿಯಾಯಿತು. ಇಲ್ಲಿ ಏನಾದರೂ ತುಂಬಲೇ ಎಂದು ಕೇಳಿದೆ. (ಚಟ.)

“ಸುಮ್ನೆ ಬಿಡು. ಅವರ ಮುಖ ಕಾಣ್ಲಿ.”

ಬಿಳಿ ಹಿನ್ನೆಲೆ. ಮೇಲೆ ದಪ್ಪ ಕಪ್ಪಕ್ಷರದಲ್ಲಿ ‘ಕಾಣೆಯಾಗಿದ್ದಾರೆ’, ನಡುವೆ ಮುಖ, ಕೆಳಗೆ ನಂಬರ್. ಕಣ್ಣು ಮೊದಲು ಎಲ್ಲಿ ನಿಲ್ಲಬೇಕು, ಆಮೇಲೆ ಎಲ್ಲಿಗೆ ಹೋಗಬೇಕು ಎಂದು ಇಷ್ಟು ವರ್ಷ ಗಿರಾಕಿಗಳಿಗೆ ಪಾಠ ಮಾಡಿದವನು ನಾನೇ. ಯಾವುದು ಮುಖ್ಯ ಎಂದು ನನಗೇ ಗೊತ್ತಿಲ್ಲದಿದ್ದರೆ ನೋಡುವವರಿಗೆ ಹೇಗೆ ಗೊತ್ತಾಗಬೇಕು?

ಬೆಳಿಗ್ಗೆ ಹಳೆಯದನ್ನು ಇಳಿಸಿ ಇದನ್ನು ಕಟ್ಟಿದೆವು. ಮಧ್ಯಾಹ್ನದೊಳಗೆ ದಾರಿ ನಡುವಿನ ಮಲವಗೊಪ್ಪದಿಂದ ಟೀ ಅಂಗಡಿಯ ಹೆಂಗಸು ಫೋನ್ ಮಾಡಿದಳು. “ಇವ್ರು ನಿನ್ನೆಯಿಂದ ನಮ್ಮಂಗಡಿ ಹತ್ರಾನೇ ಇದಾರೆ ಕಣಪ್ಪ. ಮೊದ್ಲು ಒಂದು ಫ್ಲೆಕ್ಸ್ ಹಾಕಿದ್ರಲ್ಲ, ಅದನ್ನ ನೋಡಿ ಸತ್ತೋರ ತಮ್ಮ ಇರ್ಬೇಕು ಅಂದ್ಕೊಂಡು ಟೀ ಕೊಟ್ಟು ಸುಮ್ನಾದೆ.”

ಅತ್ತಿಗೆಯನ್ನು ಕರೆದುಕೊಂಡು ಓಡಿದೆ. ಅಣ್ಣ ಟೀ ಅಂಗಡಿಯ ಬೆಂಚಿನ ಮೇಲಿದ್ದ. ಕಾಲು ಊದಿತ್ತು. ನನ್ನನ್ನು ನೋಡಿ, “ಇಷ್ಟು ಹೊತ್ತು ಎಲ್ಲಿದ್ಯೋ?” ಎಂದ.

ಅತ್ತಿಗೆಯೂ ಆ ಹೆಂಗಸೂ ಕೇಳುವಂತೆಯೇ ಹೇಳಿದೆ:

“ತಪ್ಪು ನಂದೇ ಅಣ್ಣ. ನಿನ್ನನ್ನ ಹುಡುಕೋದು ಬಿಟ್ಟು ನನ್ನ ಹೆಸರು ತೋರಿಸ್ಕೋತಾ ಕೂತಿದ್ದೆ. ಕ್ಷಮಿಸ್ಬಿಡು.”