ಕಾಕಾ ಕಟ್ಟಿಕೊಂಡ ಗಡಿಯಾರ

ಬೇಸಿಗೆಯ ಬೆವರು ಕುಡಿದ ಚರ್ಮದ ಪಟ್ಟಿಗೆ ಒಂದು ಹುಳಿ ವಾಸನೆ ಇರುತ್ತದೆ. ಮೊನ್ನೆ ಕಾಕಾನ ಮಗಳು ಕಮಲಾಪುರದಿಂದ ಬಂದವಳು ಕರವಸ್ತ್ರದ ಗಂಟು ಬಿಚ್ಚಿ ಒಂದು ಕೈಗಡಿಯಾರವನ್ನು ನನ್ನ ಮೇಜಿನ ಮೇಲೆ ಇಟ್ಟಾಗ ಮೊದಲು ಮೂಗಿಗೆ ಬಡಿದದ್ದು ಅದೇ ವಾಸನೆ. ಕಲಬುರಗಿಯ ಬಿಸಿಲಿಗೆ ಚರ್ಮದ ಪಟ್ಟಿ ಆಗಿಬರುವುದಿಲ್ಲ, ಸ್ಟೀಲೇ ಸರಿ ಎಂದು ಕಾಕಾ ನೂರು ಸಲ ಹೇಳುತ್ತಿದ್ದರು. ಅವರ ಸ್ವಂತ ಅಳಿಯನೇ ಆ ಮಾತು ಕೇಳಿರಲಿಲ್ಲ. ಸುಳ್ಳೇಕೆ ಹೇಳಲಿ, ಒಳಗೊಳಗೇ ನನಗೆ ಖುಷಿಯಾಯಿತು.

"ಅಕ್ಕಾ, ಇದು ನಿಂತುಬಿಟ್ಟದ ನೋಡ್ರಿ. ನಮ್ಮ ಮನಿಯವರು ಈಗ ಫೋನಿಗೆ ಕೂಡೋ ಹೊಸಾ ವಾಚ್ ಕಟ್ತಾರ. ಸೂಪರ್ ಮಾರ್ಕೆಟ್‌ನಾಗ ಘಡಿ ರಿಪೇರಿಯವ್ರು ಯಾರಿಗಾದ್ರೂ ತೋರಸ್ರಿ. ಇದರ ಸಂಗತಿ ನಿಮಗ ಗೊತ್ತಿದ್ದಷ್ಟು ಯಾರಿಗೂ ಗೊತ್ತಿಲ್ಲ" ಎಂದಳು.

ಗೊತ್ತಿಲ್ಲದೆ ಏನು? ಅದು ನನ್ನ ಅಪ್ಪನ ಗಡಿಯಾರ.

ಅಪ್ಪ ಮಸ್ಕತ್‌ನಲ್ಲಿ ಅರ್ಧ ಆಯುಷ್ಯ ಲೆಕ್ಕಪತ್ರ ಬರೆದು ಊರಿಗೆ ಮರಳುವಾಗ ತನಗಾಗಿ ಕೊಂಡದ್ದು ಅದೊಂದನ್ನೇ. ಸ್ವಿಸ್ ಆಟೋಮ್ಯಾಟಿಕ್, ಕಟ್ಟಿದವರ ಕೈ ಆಡಿದರೆ ತಾನೇ ಕೀಲಿ ಸುತ್ತಿಕೊಳ್ಳುವಂಥದ್ದು. "ಕಾಲಾಗ ಹವಾಯಿ ಚಪ್ಪಲಿ, ಕೈಯಾಗ ಸ್ವಿಸ್ ಘಡಿ" ಎಂದು ಅಪ್ಪ ಇರುವವರೆಗೂ ಅವ್ವ ಆಡಿಕೊಂಡಳು. ಅಪ್ಪ ನಗುತ್ತಿದ್ದ. ಸಣಕಲು ಮಣಿಕಟ್ಟಿಗೆ ಕೂಡಲೆಂದು ಸ್ಟೀಲಿನ ಪಟ್ಟಿಯ ಕೊಂಡಿಗಳನ್ನು ತೆಗೆಸಿ ತೆಗೆಸಿ ಅದನ್ನು ಬಳೆಯಷ್ಟು ಸಣ್ಣದು ಮಾಡಿಸಿಕೊಂಡಿದ್ದ.

ಕಾಕಾ ಅಂದರೆ ನಮಗೆ ರಕ್ತಸಂಬಂಧವಲ್ಲ, ಗೋಡೆಸಂಬಂಧ. ಸೇಡಂ ರಸ್ತೆಯ ಆಚೆಯ ಬಡಾವಣೆಯಲ್ಲಿ ನಮ್ಮೆರಡು ಮನೆಗೂ ಇದ್ದದ್ದು ಒಂದೇ ಗೋಡೆ. ಅವರದು ಮನೆಯೊಳಗೆ ಮರಾಠಿ, ಬಾಗಿಲಾಚೆ ಕನ್ನಡ, ಸಂತೆಯಲ್ಲಿ ಉರ್ದು. ಹರೆಯದಲ್ಲಿ ಹೈದರಾಬಾದಿನ ಗಡಿಯಾರದಂಗಡಿಯೊಂದರಲ್ಲಿ ಕೆಲಸ ಮಾಡಿ, ಆಮೇಲೆ ಸರಕಾರಿ ನೌಕರಿ ಹಿಡಿದವರು. ನೌಕರಿಯ ವಿಷಯ ಒಂದು ದಿನವೂ ಮಾತಾಡಲಿಲ್ಲ. ಗಡಿಯಾರದ ಮಾತು ಬಂದರೆ ಮಾತ್ರ ಚಹಾ ಆರಿ ಕೆನೆಗಟ್ಟುತ್ತಿತ್ತು.

"ಅತ್ತರ್ ಮೊದಲ ಹಚ್ಚಿಕೋ, ಒಣಗಿದ ಮ್ಯಾಲ ಘಡಿ ಕಟ್ಟು. ಕೈಗೆ ಕಟ್ಕೊಂಡು ಕೀಲಿ ತಿರುವಬ್ಯಾಡ, ಬಿಚ್ಚಿ ತಿರುವು. ರಾತ್ರಿ ಹೊತ್ತು ತಾರೀಖು ಬದಲಿ ಮಾಡಬ್ಯಾಡ, ಒಳಗ ಹಲ್ಲಿಗೆ ಹಲ್ಲು ಕೂಡಿರ್ತದ, ಮುರೀತದ. ಟಿವಿ ಸ್ಪೀಕರ್ ಮ್ಯಾಲ ಇಟ್ಟೀ ಅಂದ್ರ ಕಾಂತ ಹಿಡದು ಮುಂದ ಮುಂದ ಓಡಾಕ ಹತ್ತತದ. ಗಾಡಿ ಡಿಕ್ಕಿಯೊಳಗ ಬಿಸಿಲಿಗೆ ಬಿಡಬ್ಯಾಡ. ಟೆಂಗಿನಕಾಯಿ ಒಡಿಯೋ ಮುಂದ ಅಂತೂ ಮೊದಲ ಬಿಚ್ಚು, ದೇವರು ಸಿಟ್ಟಾಗೂದಿಲ್ಲ."

ಅಪ್ಪ ತಲೆದೂಗುತ್ತಿದ್ದ, ನಾನು ನಗುತ್ತಿದ್ದೆ. ಆದರೂ ಒಂದೊಂದು ಮಾತೂ ಮನಸ್ಸಿನಲ್ಲಿ ಕೂತುಬಿಟ್ಟಿತು. ಇವತ್ತಿಗೂ ಪೂಜೆಗೆ ಕಾಯಿ ಒಡೆಯುವಾಗ ನನ್ನ ಕೈ ತಾನಾಗಿ ಮಣಿಕಟ್ಟಿಗೆ ಹೋಗುತ್ತದೆ.

ಅಪ್ಪ ಹೋದ ಮೇಲೆ ಗಡಿಯಾರ ಅಲಮಾರಿ ಸೇರಿತು. ನಾನು ಕಟ್ಟಿ ಶಾಲೆಗೆ ಹೋಗಿ ಪಾಠ ಮಾಡೋಣವೆಂದರೆ ಗಂಡಸರ ದೊಡ್ಡ ಡಯಲು, ನನಗೆ ಒಂಥರಾ ಸಂಕೋಚ. ಒಂದು ಭಾನುವಾರ ಅದು ನಿಂತಿದ್ದನ್ನು ಕಾಕಾ ನೋಡಿದರು. ಕಿವಿಗೆ ಹಿಡಿದು ಕೇಳಿದರು. ಕಣ್ಣಲ್ಲಿ ನೀರು ತಂದುಕೊಂಡರು... ಆ ನೀರು ಖರೆಯದೋ ಅಲ್ಲವೋ, ನಾನು ಇನ್ನೂ ತೀರ್ಮಾನ ಮಾಡಿಲ್ಲ.

"ಕಟ್ಟದ ಘಡಿ ಸಾಯ್ತದ, ಮಗಳ. ಒಳಗಿನ ಎಣ್ಣಿ ಗಟ್ಟಿ ಆಗಿ ಮಷೀನು ಹಿಡ್ಕೋತದ. ಇಷ್ಟು ಭಾರಿ ಮಾಲು ಹಿಂಗ ಕೊಲ್ಲಬಾರದು. ವಾರದಾಗ ನಾಕು ದಿನ ನಾ ಕಟ್ತೀನಿ. ನಿಮ್ಮಪ್ಪನ ಜೀವ ಅದರಾಗ ಆಡ್ತಿರ್ತದ."

ಹೀಗೆ ಹೇಳಿದರೆ ಯಾವ ಮಗಳು ಬೇಡ ಅನ್ನುತ್ತಾಳೆ? ಕೊಟ್ಟೆ. ಮೊದಮೊದಲು ಪ್ರತಿ ಭಾನುವಾರ ತಂದು ತೋರಿಸುತ್ತಿದ್ದರು. ಹಳೇ ಧೋತ್ರದ ತುಂಡಿನಿಂದ ಒರೆಸಿ, ಅವ್ವನ ಕಿವಿಗೂ ಹಿಡಿಯುತ್ತಿದ್ದರು. ಅವ್ವ ಆ ಟಿಕ್ ಟಿಕ್ ಕೇಳಿ ಒಳಗೆ ಹೋಗಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು. ನಮ್ಮ ಪಾಲಿಗೆ ಅದು ಅಪ್ಪನನ್ನು ವಾರಕ್ಕೊಮ್ಮೆ ಮಾತಾಡಿಸಿದ ಹಾಗೆ ಇತ್ತು. ಆಮೇಲೆ ಭಾನುವಾರಗಳು ತಪ್ಪಿದವು. ಮಗಳ ಮದುವೆಯ ಓಡಾಟ ಎಂದು ನಾವೂ ಕೇಳಲಿಲ್ಲ.

ಮದುವೆ ಕಮಲಾಪುರದಲ್ಲಿ, ಕಾಕಾನ ಹಿರಿಯರ ಊರಿನಲ್ಲಿ. ಮಗಳು ಆಮೇಲೆ ಸಂಸಾರ ಹೂಡಿದ್ದೂ ಅಲ್ಲೇ. ಹಿಂದಿನ ದಿನ ಸೀಮಾಂತ ಪೂಜೆ. ಮೊದಲೆಲ್ಲ ವರನನ್ನು ಊರ ಗಡಿಯಲ್ಲೇ ಎದುರುಗೊಂಡು ಪಾದ ತೊಳೆದು ಉಡುಗೊರೆ ಕೊಡುತ್ತಿದ್ದರಂತೆ, ಈಗ ಎಲ್ಲ ಮಂಗಲ ಕಾರ್ಯಾಲಯದೊಳಗೇ ನಡೆಯುತ್ತದೆ. ನಾನು ಕೆಂಪು ಬಾಳೆಹಣ್ಣಿನ ಪರಾತ ಹಿಡಿದು ಮುಂದೆಯೇ ನಿಂತಿದ್ದೆ. ಕಾಕಾ ಅಳಿಯನ ಪಾದ ತೊಳೆದರು, ಉಂಗುರ ತೊಡಿಸಿದರು, ಮಖಮಲ್ಲಿನ ಡಬ್ಬಿ ತೆಗೆದು ಗಡಿಯಾರ ಕಟ್ಟಲು ಹೋದರು. ಕೊಂಡಿ ಕೂಡಲಿಲ್ಲ. ಮತ್ತೆ ಎಳೆದರು, ಕೂಡಲಿಲ್ಲ. "ಅಳಿಯ ಭಾಳ ಗಟ್ಟಿ ಮನಶಾ ಇದ್ದಾನ" ಎಂದು ಯಾರೋ ಅಂದರು, ಎಲ್ಲರೂ ನಕ್ಕರು. ನನಗೆ ಮಾತ್ರ ಗೊತ್ತಾಗಿ ಹೋಯಿತು. ಅಷ್ಟು ಸಣ್ಣ ಪಟ್ಟಿ ಅಪ್ಪನದಲ್ಲದೆ ಬೇರೆ ಯಾರದಿರಲು ಸಾಧ್ಯ?

ಅವ್ವ ಹಿಂದಿನಿಂದ ನನ್ನ ರಟ್ಟೆ ಹಿಡಿದಳು. ಅವಳೂ ನೋಡಿದ್ದಳು. "ಸುಮ್ಮ ಇರು. ಹುಡುಗಿ ಮದುವಿ ಅದ. ಈಗ ಬಾಯಿ ಬಿಟ್ರ ಹಂದರಕ್ಕ ಬೆಂಕಿ ಹಚ್ಚಿದಂಗ ಆಗ್ತದ" ಎಂದು ಕಿವಿಯಲ್ಲಿ ಹೇಳಿದಳು. ಬಾಳೆಹಣ್ಣಿನ ಪರಾತವನ್ನು ವರನ ಮುಂದಿಟ್ಟೆ. ಊಟದಲ್ಲಿ ಕಾಕಾ ನಮ್ಮ ಸಾಲಿಗೆ ಬಂದು ತಾವೇ ನಿಂತು ತುಪ್ಪ ಬಡಿಸಿದರು. ನನ್ನ ಮುಖ ನೋಡಲಿಲ್ಲ.

ಮದುವೆಯ ಗದ್ದಲ ಮುಗಿದ ಮೇಲೆ ಒಂದು ಬೆಳಗ್ಗೆ ಗೋಡೆಯ ಹತ್ತಿರ ನಿಂತು ಕೇಳಿಯೇಬಿಟ್ಟೆ. ಅವರು ತುಳಸಿಗೆ ನೀರು ಹಾಕುತ್ತಿದ್ದರು.

"ಕಾಕಾ, ಅಪ್ಪನ ಘಡಿ?"

"ಬೀಗರ ಮುಂದ ನನ್ನ ಮಾನದ ಪ್ರಶ್ನಿ ಇತ್ತು, ಮಗಳ. ನಿನ್ನ ಕೈಗಂತೂ ಅದು ಒಪ್ಪೂದಿಲ್ಲ. ಯಾರ ಕೈಯಾಗ ಇದ್ರ ಏನು, ನಡ್ಯಾಕತ್ತದಲ್ಲ, ಆತು ಬಿಡು."

ಆತು ಬಿಡು! ಉಂಡ ಮನೆಯ ಜಂತಿ ಎಣಿಸಿದವರು ಇನ್ನೇನು ಹೇಳುತ್ತಾರೆ? ನಾನು ಅವತ್ತಿನಿಂದ ಮಾತು ಬಿಟ್ಟೆ. ಆದರೂ ನೋಡಿ, ಬರೆಯುವಾಗ ಬಹುವಚನ ಬಿಡಲು ಬರುತ್ತಿಲ್ಲ. ಅವ್ವ ಗಡಿಯಾರದ ಮಾತು ಮತ್ತೆ ಎತ್ತದೆಯೇ ತೀರಿಕೊಂಡಳು. ಕಾಕಾ ತೀರಿಕೊಂಡಾಗ ಹೋಗಿ ಕೂತು ಬಂದೆ. ಅಲ್ಲಿ ಅಳು ಬರಲಿಲ್ಲ. ಬರಲಿಲ್ಲವಲ್ಲ ಎಂದು ಮನೆಗೆ ಬಂದು ಅತ್ತೆ.

ಈಗ ಆ ಗಡಿಯಾರ ನನ್ನ ಮೇಜಿನ ಮೇಲಿತ್ತು. ಮರುದಿನ ಸೂಪರ್ ಮಾರ್ಕೆಟ್‌ಗೆ ಒಯ್ದೆ. ಗಡಿಯಾರದಂಗಡಿಯವನು ಕಣ್ಣಿಗೆ ಭೂತಗನ್ನಡಿ ಏರಿಸಿ ನೋಡಿದ, ನಾಲ್ಕು ಸುತ್ತು ಕೀಲಿ ತಿರುವಿದ. ಸೆಕೆಂಡಿನ ಮುಳ್ಳು ಹರಿಯತೊಡಗಿತು.

"ಕೆಟ್ಟಿಲ್ಲ ರೀ ಮೇಡಂ. ಕಟ್ಟದ ಇಟ್ಟಾರ, ನಿಂತದ. ಅಷ್ಟ."

"ಕಟ್ಟದಿದ್ರ ಎಣ್ಣಿ ಗಟ್ಟಿ ಆಗಿ ಸಾಯ್ತದಂತಲ್ಲ?"

ಅವನು ನಕ್ಕ. "ಯಾರ್ ಹೇಳಿದ್ರು ರೀ? ಘಡಿಗೂ ಆರಾಮ ಬೇಕು. ತಿಂಗಳಿಗೊಮ್ಮಿ ಹಿಂಗ ಜರಾ ಕೀಲಿ ಕೊಡ್ರಿ, ಐದಾರು ವರ್ಷಕ್ಕೊಮ್ಮಿ ಸರ್ವಿಸ್ ಮಾಡಸ್ರಿ. ಅಲಮಾರ್ಯಾಗ ಇದ್ರೂ ಜಿಂದಾ ಇರ್ತದ."

ಗಡಿಯಾರ ಹಿಡಿದು ಆಟೋಗಳ ಗದ್ದಲದ ನಡುವೆ ಹೊರಬಂದೆ. ಇಷ್ಟು ವರ್ಷ ಒಂದು ಸಮಾಧಾನ ಇಟ್ಟುಕೊಂಡಿದ್ದೆ. ಕಾಕಾ ಮೊದಲು ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದರು, ಆಸೆ ಆಮೇಲೆ ಹುಟ್ಟಿತು ಎಂದು. ಅತ್ತರಿನ ಮಾತು ಖರೆ, ತಾರೀಖಿನ ಮಾತು ಖರೆ, ಟೆಂಗಿನಕಾಯಿಯ ಮಾತೂ ಖರೆ. ಇದೊಂದು ಮಾತ್ರ ಸುಳ್ಳು. ಅಂಗಡಿಯಲ್ಲಿ ಕೂತು ಕಲಿತ ಮನುಷ್ಯನಿಗೆ ಇದೊಂದು ಗೊತ್ತಿರಲಿಲ್ಲವೇ? ಸಂಕಟವಾಯಿತು, ಸಿಟ್ಟು ಬಂತು. ಗಡಿಯಾರವನ್ನು ನನ್ನ ಕೈಗೇ ಕಟ್ಟಿಕೊಂಡು ಆಟೋ ಹತ್ತಿದೆ. ಇನ್ನು ಕೊಡುವುದಿಲ್ಲ, ಅವಳು ಬಂದರೆ ನೇರ ಹೇಳಿಬಿಡುತ್ತೇನೆ ಎಂದು ನಿರ್ಧಾರ ಮಾಡಿದೆ.

ಅವಳು ಬಂದಳು. ನನ್ನ ಕೈ ನೋಡಿದಳು. ಮುಖ ಅರಳಿತು.

"ನಡ್ಯಾಕತ್ತದ? ಛಲೋ ಆತು ನೋಡ್ರಿ ಅಕ್ಕಾ. ಇದು ನಿಂತದ್ದು ನೋಡಿ ನನಗ ರಾತ್ರಿ ನಿದ್ದಿ ಬಂದಿಲ್ಲ. ಅಪ್ಪಾ ಸಾಯೋತನಕ ನಿಮ್ಮ ಬಗ್ಗೆ ಒಂದ ಮಾತು ಹೇಳ್ತಿದ್ರು. ಒಡಹುಟ್ಟಿದ ಅಕ್ಕನೂ ಹಿಂಗ ಮಾಡೂದಿಲ್ಲ, ಬೀಗರ ಮುಂದ ನಮ್ಮ ಮಾನ ಉಳೀಲಿ ಅಂತ ತನ್ನಪ್ಪನ ಘಡಿ ಬಿಚ್ಚಿ ನಿನ್ನ ಮದುವಿಗೆ ಕೊಟ್ಟಾಳ, ಆಕಿನ್ನ ಎಂದೂ ಮರೀಬ್ಯಾಡ ಅಂತ."

ಪ್ರತಿ ನಾಗರಪಂಚಮಿಗೆ ಕಮಲಾಪುರದಿಂದ ನನಗೆ ಉಂಡಿಯ ಡಬ್ಬಿ ಏಕೆ ಬರುತ್ತಿತ್ತೆಂದು ಆಗ ತಿಳಿಯಿತು. ಕಾಕಾ ಗಡಿಯಾರ ಒಯ್ದರು. ಅದರ ಜೊತೆ ಅದನ್ನು ಕೇಳುವ ನನ್ನ ಬಾಯನ್ನೂ ಒಯ್ದುಬಿಟ್ಟಿದ್ದರು. ಕೊಟ್ಟದ್ದನ್ನು ಯಾರಾದರೂ ತಿರುಗಿ ಕೇಳುತ್ತಾರೆಯೇ? ನಿಮ್ಮಪ್ಪ ಕಳ್ಳ ಎಂದು ಆ ಮುಖಕ್ಕೆ ಹೇಳಲು ನಾಲಿಗೆ ಏಳಲಿಲ್ಲ.

ಬಿಚ್ಚಿ ಅವಳ ಕೈಗಿಟ್ಟೆ. "ಚರ್ಮ ತಗಿಸಿ ಸ್ಟೀಲ್ ಹಾಕಸು" ಎಂದೆ. ಅವಳು ಬಗ್ಗಿ ಕಾಲು ಮುಟ್ಟಿದಳು. ಕಾಕಾ ಹೇಳಿಹೋದ ಸುಳ್ಳನ್ನು ನಾನೇ ನನ್ನ ಕೈಯಾರೆ ಖರೆ ಮಾಡಿ ಕೊಟ್ಟೆ.